ತೆರೆಯ ಮೇಲಿನ ‘ರಾಜಕೀಯ ವಿಶ್ಲೇಷಕ’ ಯಾರ ಕಡೆಯವರು?

ಕನ್ನಡ ಸುದ್ದಿ ವಾಹಿನಿಗಳ ಸಂಜೆಯ ಚರ್ಚೆಗಳಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಅತಿಥಿಗಳು ಬರತೊಡಗಿದ್ದಾರೆ. ಅವರು ಯಾವ ಪಕ್ಷದ ಅಧಿಕೃತ ವಕ್ತಾರರೂ ಅಲ್ಲ. ಪತ್ರಿಕಾ ಕಚೇರಿಯಲ್ಲಿ ದುಡಿದವರೋ ರಾಜ್ಯಶಾಸ್ತ್ರ ಬೋಧಿಸಿದವರೋ ಆಗಿರಬೇಕೆಂದೂ ಇಲ್ಲ. ಸ್ವಂತ ಯೂಟ್ಯೂಬ್ ಚಾನೆಲ್ಲನ್ನೋ ಬ್ಲಾಗನ್ನೋ ಫೇಸ್‌ಬುಕ್ ಪುಟವನ್ನೋ ನಡೆಸುತ್ತ, ಒಂದು ಪಕ್ಷದ ಪರವಾಗಿ ಇಲ್ಲವೇ ಒಬ್ಬ ನಾಯಕನ ವಿರುದ್ಧವಾಗಿ ದಿನವೂ ಮಾತನಾಡಿ ಹೆಸರು ಮಾಡಿದವರು. ತಮ್ಮ ಚಾನೆಲ್ಲಿನಲ್ಲಿ ಅವರು ಒಲವನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ನೋಡುಗರೇ ಸಿಗುವುದಿಲ್ಲ. ಆದರೆ ಅದೇ ವ್ಯಕ್ತಿ ಟಿವಿ ಸ್ಟುಡಿಯೊದ ಕುರ್ಚಿಯಲ್ಲಿ ಕುಳಿತ ಕೂಡಲೇ ಅವರ ಹೆಸರಿನ ಕೆಳಗೆ ‘ರಾಜಕೀಯ ವಿಶ್ಲೇಷಕ’ ಎಂಬ ಸಾಲು ಮೂಡುತ್ತದೆ. ವಾಹಿನಿ ಪಕ್ಷಪಾತ ಮಾಡುತ್ತಿದೆ ಎಂಬ ದೂರುಗಳಲ್ಲಿ ಸತ್ವವಿರುವ ಭಾಗ ಬಹುಮಟ್ಟಿಗೆ ಇಲ್ಲಿಯೇ ಇದೆ ಎಂಬುದು ಈ ಲೇಖನದ ವಾದ. ಒಂದು ಕಡೆಯವರನ್ನು ಕರೆದು ಮಾತನಾಡಿಸುವುದು ತಪ್ಪಲ್ಲ. ಅವರು ಒಂದು ಕಡೆಯವರೆಂದು ನೋಡುಗರಿಗೆ ತಿಳಿಸದಿರುವುದು, ತಿಳಿಸದೆ ಬಿಟ್ಟ ಮೇಲೆ ಅವರ ಮಾತನ್ನು ಪರೀಕ್ಷಿಸುವ ಎರಡನೆಯ ಪ್ರಶ್ನೆಯನ್ನೂ ಕೇಳದಿರುವುದು ತಪ್ಪು.

ಕೋಲಾರ ಜಿಲ್ಲೆಯಿಂದ ಈ ವಿಷಯವನ್ನು ನೋಡುವುದಕ್ಕೆ ಒಂದು ಕಾರಣವಿದೆ. ಇಲ್ಲಿನ ನೋಡುಗರು ಒಂದೇ ಭಾಷೆಯ ಟಿವಿಗೆ ಕಟ್ಟುಬಿದ್ದವರಲ್ಲ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ತೆಲುಗು ವಾಹಿನಿಗಳು ಕನ್ನಡದಷ್ಟೇ ಸಲೀಸಾಗಿ ಓಡುತ್ತವೆ. ಕೆಜಿಎಫ್, ಬಂಗಾರಪೇಟೆಗಳಲ್ಲಿ ತಮಿಳು ವಾಹಿನಿಗಳೂ ಅಷ್ಟೇ. ‘ಸಾಕ್ಷಿ’ ವೈ.ಎಸ್. ಜಗನ್‌ಮೋಹನ ರೆಡ್ಡಿಯವರ ಕುಟುಂಬದ್ದು, ಕಲೈಞರ್ ಟಿವಿ ಡಿಎಂಕೆ ಕಡೆಯದು ಎಂಬುದು ಗಡಿಭಾಗದ ಮನೆಗಳಲ್ಲಿ ಗುಟ್ಟೇನಲ್ಲ. ಹಾಗೆಂದು ಅವರು ಆ ವಾಹಿನಿಗಳನ್ನು ನೋಡುವುದನ್ನು ಬಿಟ್ಟಿಲ್ಲ. ಸಾಕ್ಷಿ ಹೇಳಿದ್ದನ್ನು ಸಾಕ್ಷಿ ಹೇಳಿದ್ದೆಂದೇ ಕೇಳಿ, ಅದರಲ್ಲಿ ಎಷ್ಟನ್ನು ಕಳೆಯಬೇಕೋ ಅಷ್ಟನ್ನು ಕಳೆದು, ಇನ್ನೊಂದು ವಾಹಿನಿಗೆ ಹೋಗಿ ಅಲ್ಲಿಯೂ ಅದೇ ಲೆಕ್ಕ ಹಾಕುತ್ತಾರೆ. ಕನ್ನಡದಲ್ಲಿಯೂ 2007ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಕುಟುಂಬ ಕಸ್ತೂರಿ ವಾಹಿನಿಯನ್ನು ಆರಂಭಿಸಿದಾಗ ಅದು ಯಾರದೆಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಇಂದಿನ ಹೆಚ್ಚಿನ ಕನ್ನಡ ಸುದ್ದಿ ವಾಹಿನಿಗಳು ತಾವು ಯಾರ ಕಡೆಯೂ ಅಲ್ಲ ಎಂದು ಹೇಳಿಕೊಳ್ಳುತ್ತವೆ. ಗಡಿಭಾಗದ ನೋಡುಗನಿಗೆ ತೆಲುಗಿನಲ್ಲಿ ಸುಲಭವಾದ ಆ ಕಳೆಯುವ ಲೆಕ್ಕ ಕನ್ನಡದಲ್ಲಿ ಕಷ್ಟವಾಗುವುದು ಇದರಿಂದಲೇ. ಎಷ್ಟು ಕಳೆಯಬೇಕೆಂಬುದು ಗೊತ್ತಿಲ್ಲದಿದ್ದಾಗ ಕೆಲವರು ಪೂರ್ತಿ ನಂಬುತ್ತಾರೆ, ಇನ್ನು ಕೆಲವರು ಪೂರ್ತಿ ತಳ್ಳಿಹಾಕುತ್ತಾರೆ.

ವಾಹಿನಿಗಳು ಇಂಥವರನ್ನೇ ಏಕೆ ಕರೆಯುತ್ತವೆ ಎಂಬುದಕ್ಕೆ ಒಳಸಂಚಿನ ಕಥೆ ಬೇಕಾಗಿಲ್ಲ. ಪ್ರತಿ ಸಂಜೆ ಗಂಟೆಗಟ್ಟಲೆ ಚರ್ಚೆಗೆ ಆರೆಂಟು ಮುಖಗಳನ್ನು ಹೊಂದಿಸಬೇಕಾದ ಗೆಸ್ಟ್ ಕೋಆರ್ಡಿನೇಟರ್‌ಗೆ ಬೇಕಾಗಿರುವುದು ಕರೆದಾಗ ಸಿಗುವ, ಕ್ಯಾಮೆರಾಕ್ಕೆ ಹೆದರದ, ಒಂದೇ ವಾಕ್ಯದಲ್ಲಿ ಕಿಡಿ ಹಾರಿಸಬಲ್ಲ ಮನುಷ್ಯ. ಪಕ್ಷದ ವಕ್ತಾರರು ಕಚೇರಿಯ ಅನುಮತಿ ಕೇಳುತ್ತಾರೆ, ಇಕ್ಕಟ್ಟಿನ ದಿನಗಳಲ್ಲಿ ಫೋನ್ ಎತ್ತುವುದಿಲ್ಲ. ನಿಜವಾದ ವಿಷಯ ತಜ್ಞರು ‘ಇದಕ್ಕೆ ಎರಡು ಮುಖಗಳಿವೆ’ ಎಂದು ಶುರು ಮಾಡುತ್ತಾರೆ. ಅಷ್ಟರಲ್ಲಿ ಬ್ರೇಕ್ ಬಂದಿರುತ್ತದೆ. ಯೂಟ್ಯೂಬರ್‌ಗೆ ಈ ಯಾವ ತೊಡಕೂ ಇಲ್ಲ. ಜೊತೆಗೆ ಆತ ತನ್ನ ಭಾಗದ ತುಣುಕನ್ನು ಕತ್ತರಿಸಿ ತನ್ನ ಪುಟದಲ್ಲಿಯೂ ಹಾಕಿಕೊಳ್ಳುವುದರಿಂದ ವಾಹಿನಿಗೆ ಖರ್ಚಿಲ್ಲದ ಪ್ರಚಾರ ಸಿಗುತ್ತದೆ, ಆತನಿಗೆ ಟಿವಿಯಲ್ಲಿ ಬಂದವನೆಂಬ ಮುದ್ರೆ ಸಿಗುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಇಬ್ಬರಿಗೂ ಲಾಭವಿದೆ, ನಷ್ಟವಾಗುವುದಿದ್ದರೆ ನೋಡುಗನಿಗೆ.

ಇದು ಹೇಗೆ ನಡೆಯುತ್ತದೆಂಬುದನ್ನು ಕಾಣಲು ಕೆಸಿ ವ್ಯಾಲಿ ನೀರಿನ ವಿಷಯಕ್ಕಿಂತ ಒಳ್ಳೆಯ ಉದಾಹರಣೆ ಈ ಜಿಲ್ಲೆಯಲ್ಲಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಷ್ಟನ್ನು ಕೋಲಾರದ ಕಡೆಯ 126 ಕೆರೆಗಳಿಗೆ ಹರಿಸಿ ಅಂತರ್ಜಲ ಹೆಚ್ಚಿಸುವುದು ಯೋಜನೆಯ ಉದ್ದೇಶವಾಗಿತ್ತು. 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಬೋರ್‌ವೆಲ್ ಸಾವಿರಾರು ಅಡಿ ಕೊರೆದೂ ಹನಿ ನೀರು ಕಾಣದ ಜನ ಪೂಜೆ ಮಾಡಿ ಸ್ವಾಗತಿಸಿದರು. ಮುಂದಿನ ತಿಂಗಳೇ ನೀರಿನಲ್ಲಿ ನೊರೆ ಕಾಣಿಸಿಕೊಂಡಿತು, ಹೈಕೋರ್ಟ್ ತಾತ್ಕಾಲಿಕ ತಡೆ ನೀಡಿತು, ಆಮೇಲೆ ನೀರು ಮತ್ತೆ ಹರಿಯಿತು. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂಬುದು ಶಾಶ್ವತ ನೀರಾವರಿ ಹೋರಾಟ ಸಮಿತಿಯ ಬೇಡಿಕೆ; ಅಂತರ್ಜಲ ಮೇಲೆ ಬಂದಿದೆ, ಕೆರೆಯ ನೀರನ್ನು ನೇರವಾಗಿ ಕುಡಿಯಲು ಬಳಸುವಂತಿಲ್ಲ ಎಂದು ಮೊದಲೇ ಹೇಳಿದ್ದೇವೆ ಎಂಬುದು ಸರ್ಕಾರದ ಕಡೆಯ ಉತ್ತರ.

ಇಂಥ ವಿಷಯದಲ್ಲಿ ಒಂದು ಪಕ್ಷದ ಪರ ಯೂಟ್ಯೂಬರ್‌ನನ್ನು ಸ್ಟುಡಿಯೊಕ್ಕೆ ಕರೆದರೆ ಆತ ‘ಬಯಲುಸೀಮೆಗೆ ಗಂಗೆ ತಂದ ನಾಯಕ’ ಎನ್ನುತ್ತಾನೆ; ವಿರೋಧಿ ಬಣದವನನ್ನು ಕರೆದರೆ ‘ಬೆಂಗಳೂರಿನ ಕಕ್ಕಸು ಕೋಲಾರಕ್ಕೆ’ ಎನ್ನುತ್ತಾನೆ. ಎರಡೂ ಒಳ್ಳೆಯ ಥಂಬ್‌ನೇಲ್ ಆಗುವ ಮಾತುಗಳು. ಆದರೆ ನಿರೂಪಕ ಕೇಳಬೇಕಾದ ಪ್ರಶ್ನೆಗಳು ಬೇರೆ: ಎರಡನೆಯ ಹಂತದಲ್ಲಿ ಏನೇನು ಹೋಗುತ್ತದೆ, ಏನು ಉಳಿಯುತ್ತದೆ? ಸಾರಜನಕ, ರಂಜಕದಂಥ ಅಂಶಗಳನ್ನು ತೆಗೆಯುವ ಮೂರನೆಯ ಹಂತಕ್ಕೆ ತಗಲುವ ಖರ್ಚನ್ನು ಯಾರು ಭರಿಸಬೇಕು? ಕೆರೆಯ ಪಕ್ಕದ ಕೊಳವೆಬಾವಿಗಳ ನೀರನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸುತ್ತಾರೆಯೇ? ಇನ್ನೊಂದು ಮುಜುಗರದ ಪ್ರಶ್ನೆಯೂ ಇದೆ. ಯೋಜನೆ ರೂಪುಗೊಂಡದ್ದು ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ, ನೀರು ಹರಿಯತೊಡಗಿದ್ದು ಕುಮಾರಸ್ವಾಮಿಯವರ ಮೈತ್ರಿ ಸರ್ಕಾರದಲ್ಲಿ, 2019ರಿಂದ 2023ರವರೆಗೆ ಅದನ್ನು ಮುಂದುವರಿಸಿದ್ದು ಬಿಜೆಪಿ ಸರ್ಕಾರ. ಮೂರೂ ಪಕ್ಷಗಳ ಕೈ ಈ ನೀರಿನಲ್ಲಿ ನೆನೆದಿರುವಾಗ, ಹೊಗಳಿಕೆಯಾಗಲಿ ಬೈಗುಳವಾಗಲಿ ಒಂದೇ ಪಕ್ಷಕ್ಕೆ ಸಲ್ಲುವುದು ಹೇಗೆ? ಪಕ್ಷದ ಒಲವುಳ್ಳ ಅತಿಥಿಯ ಮುಂದೆ ಈ ಪ್ರಶ್ನೆ ಇಟ್ಟರೆ ಸಂದರ್ಶನ ಅಲ್ಲಿಂದಲೇ ಅರ್ಥಪೂರ್ಣವಾಗುತ್ತದೆ. ಇಡದಿದ್ದರೆ ಅದು ಆತನ ಚಾನೆಲ್ಲಿನ ಇನ್ನೊಂದು ವಿಡಿಯೊ, ಟಿವಿಯ ಖರ್ಚಿನಲ್ಲಿ.

ಹೆಸರಿನ ಕೆಳಗಿನ ಆ ಸಾಲು ಇಷ್ಟೊಂದು ಮುಖ್ಯವೇ ಎಂದು ಕೇಳುವವರು ಟಿವಿಯನ್ನು ಮನೆಯ ಸೋಫಾದಲ್ಲಿ ಕುಳಿತು ಮಾತ್ರ ನೋಡುವವರಿರಬೇಕು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಸೀಸನ್ನಿನ ದಿನ ಯಾವುದಾದರೂ ಮಂಡಿಯ ಕಚೇರಿಗೆ ಹೋಗಿ ನೋಡಬಹುದು. ಲೆಕ್ಕದ ಪುಸ್ತಕಗಳ ಮೇಲಿನ ಹಲಗೆಯಲ್ಲಿ ಟಿವಿ ಇರುತ್ತದೆ. ಹೊರಗೆ ಹರಾಜಿನ ಕೂಗು, ಕ್ರೇಟುಗಳನ್ನು ಎತ್ತಿ ಇಳಿಸುವ ಸದ್ದು, ಲಾರಿ ಹಿಂದಕ್ಕೆ ತೆಗೆಯುವವನ ಸೀಟಿ. ಚರ್ಚೆಯ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ಪಟ್ಟಿ ಬರೆಸಿಕೊಳ್ಳಲು ಕಾದು ನಿಂತ ರೈತರು ತಲೆ ಎತ್ತಿ ಓದುವುದು ಕೆಳಗಿನ ಅಕ್ಷರಗಳನ್ನು. ‘ಯಾರಣ್ಣ ಇವನು?’ ಎಂದು ಒಬ್ಬರು ಕೇಳಿದರೆ, ‘ಅದೇನೋ ವಿಶ್ಲೇಷಕ ಅಂತ ಹಾಕವ್ರೆ ನೋಡಪ್ಪ, ತಿಳಿದೋನೇ ಇರ್ಬೇಕು’ ಎಂದು ಇನ್ನೊಬ್ಬರು ಹೇಳುತ್ತಾರೆ. ಮೂರನೆಯವರು, ಆ ಮುಖವನ್ನು ಮೊಬೈಲಿನಲ್ಲಿ ಕಂಡವರು, ‘ಅಯ್ಯೋ ಅವ್ನು ಅವರ ಪಾರ್ಟಿಯೋನು ಕಣಣ್ಣ’ ಎಂದು ನಗುತ್ತಾರೆ. ಸುದ್ದಿಮನೆಯವರು ‘ಆಸ್ಟನ್’ ಎನ್ನುವ ಆ ಸಾಲನ್ನು ಬರೆಯುವವರು ಬಹುಶಃ ಡೆಸ್ಕಿನಲ್ಲಿ ಅತ್ಯಂತ ಕಿರಿಯರು. ಹಿಂದಿನ ಸಲ ಏನು ಟೈಪ್ ಮಾಡಿತ್ತೋ ಅದನ್ನೇ ಮತ್ತೆ ಎತ್ತಿ ಹಾಕುತ್ತಾರೆ, ಹೀಗಾಗಿ ಒಮ್ಮೆ ವಿಶ್ಲೇಷಕನಾದವನು ಯಾವಾಗಲೂ ವಿಶ್ಲೇಷಕನಾಗಿಯೇ ಉಳಿಯುತ್ತಾನೆ.

ಇಲ್ಲಿಯವರೆಗೆ ವಾಹಿನಿಗಳ ಕಡೆಗೆ ಬೆರಳು ತೋರಿದ್ದಾಯಿತು. ನೋಡುಗನ ಕಣ್ಣೂ ಪೂರ್ತಿ ನಂಬಬಹುದಾದದ್ದಲ್ಲ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. 1982ರಲ್ಲಿ ಬೈರೂತ್‌ನ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಬಗ್ಗೆ ಅಮೆರಿಕದ ಟಿವಿಗಳಲ್ಲಿ ಬಂದ ಸುದ್ದಿ ತುಣುಕುಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ತೋರಿಸಿದರು. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಸ್ರೇಲ್ ಪರ ಒಲವುಳ್ಳವರು ಸುದ್ದಿ ಇಸ್ರೇಲಿನ ವಿರುದ್ಧ ವಾಲಿದೆ ಎಂದರು. ಅರಬರ ಪರ ಇದ್ದವರು ಅದೇ ತುಣುಕುಗಳನ್ನು ನೋಡಿ ಸುದ್ದಿ ಇಸ್ರೇಲಿನ ಪರ ವಾಲಿದೆ ಎಂದರು. ಸಂಶೋಧಕರಾದ ವ್ಯಾಲೋನ್, ರಾಸ್ ಮತ್ತು ಲೆಪ್ಪರ್ ಅವರಿಗೆ ಕಂಡ ಇನ್ನೊಂದು ಸಂಗತಿ ಇನ್ನೂ ಕುತೂಹಲದ್ದು: ವಿಷಯವನ್ನು ಹೆಚ್ಚು ತಿಳಿದವರಿಗೆ ಪಕ್ಷಪಾತವೂ ಹೆಚ್ಚಾಗಿಯೇ ಕಂಡಿತು. ತಿಳಿವಳಿಕೆ ಬಂದರೆ ದೃಷ್ಟಿ ಸಮತೋಲನವಾಗುತ್ತದೆ ಎಂಬ ನಮ್ಮ ಎಣಿಕೆಗೆ ಇದು ವಿರುದ್ಧ. ಕೆಸಿ ವ್ಯಾಲಿಯ ಬಗ್ಗೆ ಕಡತಗಳನ್ನೆಲ್ಲ ಓದಿಕೊಂಡ ಹೋರಾಟಗಾರರಿಗೂ, ಆ ಯೋಜನೆಯಲ್ಲಿ ದುಡಿದ ಎಂಜಿನಿಯರಿಗೂ ಒಂದೇ ಸಂದರ್ಶನ ತಮ್ಮ ವಿರುದ್ಧವೇ ಇದ್ದಂತೆ ಕಂಡರೆ ಅಚ್ಚರಿಪಡಬೇಕಾಗಿಲ್ಲ.

ಈ ಸಂಶೋಧನೆಯನ್ನು ವಾಹಿನಿಗಳ ಸಂಪಾದಕರು ತಮಗೆ ಬೇಕಾದಂತೆ ಬಳಸಿಕೊಳ್ಳುವುದುಂಟು. ‘ಎರಡೂ ಕಡೆಯವರು ಬೈಯುತ್ತಿದ್ದಾರೆ, ಅಂದರೆ ನಾವು ಸರಿಯಾಗಿಯೇ ಇದ್ದೇವೆ’ ಎಂಬ ಸಮರ್ಥನೆ ಸುದ್ದಿಮನೆಗಳಲ್ಲಿ ಹಳೆಯದು. ಅದು ತಪ್ಪು ತರ್ಕ. ನೋಡುಗನ ಅನಿಸಿಕೆ ಅಳತೆಗೋಲಾಗಲಾರದು ಎಂದಷ್ಟೇ ಅಧ್ಯಯನದಿಂದ ಹೇಳಬಹುದು; ವಾಹಿನಿ ಸರಿಯಾಗಿದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಎರಡೂ ಕಡೆಯವರಿಗೆ ಅನ್ಯಾಯ ಮಾಡುವ ಸಂದರ್ಶನವೂ ಇರಬಹುದಲ್ಲ. ಅನಿಸಿಕೆಯನ್ನು ಬದಿಗಿಟ್ಟು ಯಾರು ನೋಡಿದರೂ ಒಂದೇ ಉತ್ತರ ಬರುವಂಥ ಸಂಗತಿಗಳನ್ನು ನೋಡಬೇಕು. ಅತಿಥಿಯ ನಂಟು ಹೇಳಿದರೋ ಇಲ್ಲವೋ, ಆತ ಹೇಳಿದ ಅಂಕಿಯನ್ನು ನಿರೂಪಕ ಪ್ರಶ್ನಿಸಿದರೋ ಇಲ್ಲವೋ, ಎದುರಿನವನಿಗೆ ಅದೇ ಮಟ್ಟದ ಪ್ರಶ್ನೆ ಬಿತ್ತೋ ಇಲ್ಲವೋ ಎಂಬುದನ್ನು ರೆಕಾರ್ಡಿಂಗ್ ಇಟ್ಟುಕೊಂಡು ಯಾವ ಪಕ್ಷದವನೂ ಎಣಿಸಬಹುದು. ದನಿಯ ಏರಿಳಿತ, ಮುಖದ ಮೇಲಿನ ನಗೆಯಂಥವನ್ನು ಎಣಿಸಲಾಗದು. ಜಗಳವೆಲ್ಲ ನಡೆಯುವುದು ಅವುಗಳ ಬಗ್ಗೆಯೇ.

ಪಕ್ಷದ ಒಲವುಳ್ಳ ಬ್ಲಾಗರುಗಳು ಟಿವಿಯೊಂದಿಗೆ ಬೆರೆತ ಕಥೆ ಮೊದಲು ದೊಡ್ಡದಾಗಿ ನಡೆದದ್ದು ಅಮೆರಿಕದಲ್ಲಿ. 2004ರಲ್ಲಿ ಬಾಸ್ಟನ್ನಿನ ಡೆಮಾಕ್ರಟಿಕ್ ಸಮಾವೇಶಕ್ಕೆ ಬ್ಲಾಗರುಗಳಿಗೂ ಪತ್ರಕರ್ತರಂತೆ ಪಾಸ್ ಸಿಕ್ಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಬಿಎಸ್ ವಾಹಿನಿ ಅಧ್ಯಕ್ಷ ಬುಷ್ ಅವರ ಸೇನಾ ಸೇವೆಯ ಬಗ್ಗೆ ಕೆಲವು ದಾಖಲೆಗಳನ್ನು ಪ್ರಸಾರ ಮಾಡಿದಾಗ, ಅವುಗಳ ಅಕ್ಷರ ವಿನ್ಯಾಸ 1970ರ ದಶಕದ ಟೈಪ್‌ರೈಟರಿನದಲ್ಲ ಎಂದು ಮೊದಲು ಪಟ್ಟು ಹಿಡಿದವರು ಬಲಪಂಥೀಯ ಬ್ಲಾಗರುಗಳೇ. ಎರಡು ವಾರದೊಳಗೆ ವಾಹಿನಿ ದಾಖಲೆಗಳ ನೈಜತೆಯನ್ನು ಖಾತ್ರಿಪಡಿಸಲಾಗದು ಎಂದು ಒಪ್ಪಿ ಕ್ಷಮೆ ಕೇಳಿತು. ಪಕ್ಷದ ಪರ ಇರುವವನು ಹೇಳಿದ್ದೆಲ್ಲ ಸುಳ್ಳಾಗಿರುವುದಿಲ್ಲ, ಒಮ್ಮೊಮ್ಮೆ ಒಲವೇ ಆತನನ್ನು ಉಳಿದವರು ನೋಡದ ಕಡೆ ನೋಡುವಂತೆ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ನಮ್ಮಲ್ಲಿಯೂ ಗ್ರಾಮ ಪಂಚಾಯಿತಿಯ ಕಳಪೆ ಚರಂಡಿಯ ವಿಡಿಯೊವನ್ನು ಮೊದಲು ಹಾಕುವವನು ಹೆಚ್ಚಾಗಿ ಸೋತ ಬಣದ ಹುಡುಗ. ಆತನ ಉದ್ದೇಶ ಏನೇ ಇರಲಿ, ಚರಂಡಿ ಕಳಪೆಯೇ ಆಗಿರುತ್ತದೆ.

ಇದಕ್ಕೆ ಎದುರಾದ ಇನ್ನೊಂದು ಪ್ರಸಂಗ 2005ರ ಜನವರಿಯಲ್ಲಿ ಹೊರಬಂತು. ಆರ್ಮ್‌ಸ್ಟ್ರಾಂಗ್ ವಿಲಿಯಮ್ಸ್ ಎಂಬ ಟಿವಿ ವ್ಯಾಖ್ಯಾನಕಾರರು ಬುಷ್ ಸರ್ಕಾರದ ಶಿಕ್ಷಣ ಕಾಯ್ದೆಯನ್ನು ಹೊಗಳುವುದಕ್ಕಾಗಿ ಶಿಕ್ಷಣ ಇಲಾಖೆಯಿಂದಲೇ 2.4 ಲಕ್ಷ ಡಾಲರ್‌ಗಳ ಗುತ್ತಿಗೆ ಪಡೆದಿದ್ದರು. ಅವರು ಸಂಪ್ರದಾಯವಾದಿ ಎಂಬುದು ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ಯಾರೂ ತಕರಾರು ಎತ್ತಿರಲಿಲ್ಲ. ಹಣದ ವಿಷಯ ಗೊತ್ತಿರಲಿಲ್ಲ. ಅವರ ಅಂಕಣ ನಿಂತದ್ದು ಅದಕ್ಕಾಗಿ. ತೆರೆದಿಟ್ಟ ಒಲವಿಗೂ ಮುಚ್ಚಿಟ್ಟ ಹಿತಾಸಕ್ತಿಗೂ ಇರುವ ವ್ಯತ್ಯಾಸ ಈ ಎರಡು ಪ್ರಸಂಗಗಳ ನಡುವೆ ನಿಚ್ಚಳವಾಗಿದೆ. ಭಾರತದಲ್ಲಿ ಈ ಪ್ರಶ್ನೆ ಈಗ ದೂರದ್ದಲ್ಲ. 2024ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶ ಸರ್ಕಾರ ತನ್ನ ಯೋಜನೆಗಳನ್ನು ಪ್ರಚಾರ ಮಾಡುವ ಯೂಟ್ಯೂಬರ್‌ಗಳಿಗೆ ತಿಂಗಳಿಗೆ 8 ಲಕ್ಷ ರೂಪಾಯಿಯವರೆಗೆ ಕೊಡುವ ಡಿಜಿಟಲ್ ಮಾಧ್ಯಮ ನೀತಿಗೆ ಒಪ್ಪಿಗೆ ನೀಡಿತು. ಸರ್ಕಾರ ಜಾಹೀರಾತು ಕೊಡುವುದು ಅಪರಾಧವಲ್ಲ. ಆದರೆ ಅಂಥ ಹಣ ಪಡೆದವರು ಮರುದಿನ ಟಿವಿಯಲ್ಲಿ ಸ್ವತಂತ್ರ ವಿಶ್ಲೇಷಕರಾಗಿ ಕುಳಿತರೆ ನೋಡುಗನಿಗೆ ಅದನ್ನು ಹೇಳುವವರು ಯಾರು?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಒಂದು ಉತ್ತರ ಸಿದ್ಧವಿದೆ, ಆದರೆ ಅದು ರಾಜಕೀಯಕ್ಕಲ್ಲ, ಷೇರುಪೇಟೆಗೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2014ರ ನಿಯಮಗಳ ಪ್ರಕಾರ ನೋಂದಾಯಿತ ಸಂಶೋಧನಾ ವಿಶ್ಲೇಷಕರು ಟಿವಿಯಂಥ ಸಾರ್ವಜನಿಕ ವೇದಿಕೆಯಲ್ಲಿ ಒಂದು ಕಂಪನಿಯ ಷೇರಿನ ಬಗ್ಗೆ ಮಾತನಾಡುವಾಗ ಅದರಲ್ಲಿ ತಮಗಿರುವ ಹಣಕಾಸಿನ ಹಿತಾಸಕ್ತಿಯನ್ನು ಬಹಿರಂಗಪಡಿಸಬೇಕು. ತೆರೆಯ ಮೇಲಿನ ಸಲಹೆಯ ಹಿಂದೆ ಹಿತಾಸಕ್ತಿ ಅಡಗಿರಬಹುದೆಂಬ ಭಯ ಸುಳ್ಳಲ್ಲ ಎಂಬುದು 2024ರ ಫೆಬ್ರುವರಿಯಲ್ಲಿ ಗೊತ್ತಾಯಿತು. ಒಂದು ಹಿಂದಿ ವ್ಯಾಪಾರ ವಾಹಿನಿಯ ಅತಿಥಿ ತಜ್ಞರು ತಾವು ತೆರೆಯ ಮೇಲೆ ಹೇಳಲಿರುವ ಶಿಫಾರಸುಗಳನ್ನು ಮೊದಲೇ ಕೆಲವರಿಗೆ ತಿಳಿಸಿ ಲಾಭಕ್ಕೆ ದಾರಿ ಮಾಡಿದ್ದರೆಂಬ ಆರೋಪದ ಮೇಲೆ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ನೂರು ಷೇರು ಕೊಳ್ಳುವವನಿಗೆ ಸಲಹೆಗಾರನ ಹಿತಾಸಕ್ತಿ ತಿಳಿಯುವ ಹಕ್ಕಿದೆ. ಐದು ವರ್ಷಕ್ಕೊಮ್ಮೆ ಮತ ಹಾಕುವವನಿಗೆ ಅದಕ್ಕೆ ಸಮನಾದ ಹಕ್ಕು ಇಲ್ಲ. ಸೋಪು, ಟೂತ್‌ಪೇಸ್ಟಿನ ವಿಷಯದಲ್ಲಿಯೂ ಇದೇ ಕಥೆ. 2021ರಿಂದ ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿಯಂತೆ ಹಣ ಪಡೆದು ಹೊಗಳುವ ಇನ್‌ಫ್ಲುಯೆನ್ಸರುಗಳು ಹಾಗೆಂದು ನಮೂದಿಸಬೇಕು, ಆದರೆ ರಾಜಕೀಯ ಜಾಹೀರಾತು ಆ ಮಂಡಳಿಯ ವ್ಯಾಪ್ತಿಗೇ ಬರುವುದಿಲ್ಲ.

ಬ್ರಿಟನ್ನಿನಲ್ಲಿ ಪ್ರಸಾರ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್‌ನ ಸಂಹಿತೆ, ವೈಯಕ್ತಿಕ ದೃಷ್ಟಿಕೋನದ ಕಾರ್ಯಕ್ರಮವಾದರೆ ಅದನ್ನು ಆರಂಭದಲ್ಲಿಯೇ ನೋಡುಗರಿಗೆ ಸ್ಪಷ್ಟಪಡಿಸಬೇಕೆನ್ನುತ್ತದೆ. ಇತರ ಸಂಸ್ಥೆಗಳಿಂದ ಬಂದ ಅತಿಥಿಗಳು ನಿಷ್ಪಕ್ಷಪಾತಿಗಳೆಂದು ಸುಮ್ಮನೆ ಭಾವಿಸಬಾರದು ಎಂಬುದು ಬಿಬಿಸಿಯ ಸಂಪಾದಕೀಯ ಮಾರ್ಗಸೂಚಿಯಲ್ಲಿದೆ. ಅಲ್ಲಿಯೂ ಎಲ್ಲವೂ ಸುಗಮವೇನಲ್ಲ. ರಾಜಕಾರಣಿಗಳೇ ನಿರೂಪಕರಾಗಿ ಕುಳಿತ ಕಾರ್ಯಕ್ರಮಗಳ ಬಗ್ಗೆ ಜಿಬಿ ನ್ಯೂಸ್ ವಾಹಿನಿಗೂ ಆಫ್‌ಕಾಮ್‌ಗೂ ನಡೆದ ಜಗಳ 2025ರಲ್ಲಿ ನ್ಯಾಯಾಲಯದಲ್ಲಿ ವಾಹಿನಿಯ ಪರವಾಗಿ ಮುಗಿಯಿತು. ನಮ್ಮಲ್ಲಿ ಎನ್‌ಬಿಡಿಎ ಎಂಬ ಸುದ್ದಿ ಪ್ರಸಾರಕರ ಸಂಘಟನೆಯ ನೀತಿಸಂಹಿತೆ ನಿಷ್ಪಕ್ಷಪಾತವನ್ನು ತತ್ವವಾಗಿ ಹೇಳುತ್ತದೆ. ಅದರ ಸ್ವಯಂ ನಿಯಂತ್ರಣ ಪ್ರಾಧಿಕಾರ ವಿಧಿಸಬಹುದಾದ ದಂಡದ ಮಿತಿ ಎಷ್ಟು ಕಡಿಮೆಯೆಂದರೆ, 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, 1 ಲಕ್ಷ ರೂಪಾಯಿ ದಂಡದಿಂದ ಯಾವ ವಾಹಿನಿ ತಾನೇ ಹಿಂಜರಿದೀತು ಎಂಬ ಅರ್ಥದಲ್ಲಿ ಪ್ರಶ್ನಿಸಿತ್ತು. ಚುನಾವಣೆಯ ಕಾಲದಲ್ಲಿ ಜಿಲ್ಲಾ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗಳು ಕಾಸಿಗಾಗಿ ಸುದ್ದಿಯ ಮೇಲೆ ಕಣ್ಣಿಡುತ್ತವೆ, ಆದರೆ ಅವು ಹುಡುಕುವುದು ಅಭ್ಯರ್ಥಿಯ ಖರ್ಚಿಗೆ ಸೇರಿಸಬಹುದಾದ ಜಾಹೀರಾತನ್ನು. ಬೆಂಗಳೂರಿನ ಸ್ಟುಡಿಯೊದಲ್ಲಿ ಕುಳಿತ ‘ವಿಶ್ಲೇಷಕ’ನನ್ನು ಕೋಲಾರದ ಯಾವ ಅಭ್ಯರ್ಥಿಯ ಲೆಕ್ಕಕ್ಕೆ ಹಾಕುವುದು?

ಇನ್ನು ತುಣುಕಿನ ವಿಷಯ. ಕೋಲಾರದ ಹೆಸರು ರಾಷ್ಟ್ರೀಯ ವಾಹಿನಿಗಳಲ್ಲಿ ಅತಿ ಹೆಚ್ಚು ಸಲ ಓಡಿದ್ದು ಚಿನ್ನದಿಂದಲೂ ಟೊಮೆಟೊದಿಂದಲೂ ಅಲ್ಲ, 2019ರ ಏಪ್ರಿಲ್ 13ರಂದು ಇಲ್ಲಿ ನಡೆದ ಚುನಾವಣಾ ಸಭೆಯಲ್ಲಿ ರಾಹುಲ್ ಗಾಂಧಿಯವರು ಮೋದಿ ಎಂಬ ಉಪನಾಮದ ಬಗ್ಗೆ ಆಡಿದ ಮಾತಿನಿಂದ. ಆ ಮಾತಿಗಾಗಿ 2023ರ ಮಾರ್ಚ್ 23ರಂದು ಸೂರತ್ ನ್ಯಾಯಾಲಯ ಅವರಿಗೆ ಎರಡು ವರ್ಷದ ಶಿಕ್ಷೆ ವಿಧಿಸಿತು, ಸಂಸತ್ ಸದಸ್ಯತ್ವ ಹೋಯಿತು, ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಅವರು ದೋಷಿ ಎಂಬ ತೀರ್ಪಿಗೆ ತಡೆ ನೀಡಿದ ಮೇಲೆ ಸದಸ್ಯತ್ವ ಮರಳಿತು. ಆ ತಿಂಗಳುಗಳಲ್ಲಿ ನಡೆದ ಚರ್ಚೆಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಕಂಡಿರಬೇಕು: ಒಂದೇ ವಾಕ್ಯದ ತುಣುಕು ಹಾಕಿ ‘ಇದರ ಬಗ್ಗೆ ಏನು ಹೇಳುತ್ತೀರಿ’ ಎಂದು ಕೇಳಿದಾಗ ಬರುವ ಚರ್ಚೆಯೇ ಬೇರೆ, ಅದರ ಹಿಂದೆ ಮುಂದಿನ ಮಾತನ್ನೂ ಸೇರಿಸಿ ಹಾಕಿದಾಗ ಬರುವ ಚರ್ಚೆಯೇ ಬೇರೆ. ಒಂದು ಸಮುದಾಯಕ್ಕೆ ಅವಮಾನವೋ ಕೆಲವು ವ್ಯಕ್ತಿಗಳ ಮೇಲಿನ ಟೀಕೆಯೋ ಎಂಬ ತೀರ್ಪು ತುಣುಕಿನ ಉದ್ದದಲ್ಲಿಯೇ ಅರ್ಧ ಅಡಗಿತ್ತು. ಅತಿಥಿಯಾಗಿ ಯಾರನ್ನು ಕರೆದರು ಎಂಬುದನ್ನಷ್ಟೇ ನೋಡುವವರು ಇದನ್ನು ಗಮನಿಸುವುದಿಲ್ಲ. ತುಣುಕನ್ನು ಕತ್ತರಿಸಿದ ಡೆಸ್ಕು ತೆರೆಯ ಮೇಲೆ ಎಂದೂ ಕಾಣಿಸಿಕೊಳ್ಳುವುದಿಲ್ಲವಲ್ಲ.

ನಂಟನ್ನು ಹೇಳಲೇಬೇಕೆಂಬ ವಾದಕ್ಕೆ ಗಂಭೀರವಾದ ಆಕ್ಷೇಪವೂ ಇದೆ, ಅದನ್ನು ಹಾರಿಸಿ ಹೋಗುವಂತಿಲ್ಲ. ಯಾರ ನಂಟು ಯಾವುದೆಂದು ನಿರ್ಧರಿಸುವವರು ಯಾರು? ಇಪ್ಪತ್ತು ವರ್ಷ ನೀರಿಗಾಗಿ ಧರಣಿ ಕುಳಿತ ರೈತ ಮುಖಂಡರೊಬ್ಬರು ಒಂದು ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪರ ಮಾತನಾಡಿದರೆಂದು ಅವರಿಗೆ ಪಕ್ಷದ ಪಟ್ಟಿ ಅಂಟಿಸಿದರೆ ಅವರ ಬೇಡಿಕೆಯೇ ಹಗುರಾಗಿಬಿಡುತ್ತದೆ. ಆಳುವವರಿಗೆ ಬೇಕಾಗಿರುವುದೂ ಅದೇ. ಅಧಿಕಾರಸ್ಥರ ಪರ ಮಾತನಾಡುವವನು ‘ವಿಶ್ಲೇಷಕ’, ವಿರುದ್ಧ ಮಾತನಾಡುವವನು ‘ಇಂಥ ಪಕ್ಷದ ಬೆಂಬಲಿಗ’ ಎಂದು ಬರೆಯುವ ವಾಹಿನಿ ನಾಳೆಯೇ ಹುಟ್ಟಬಹುದು. ಅದಕ್ಕಾಗಿ ನಂಟನ್ನು ವಾಹಿನಿ ಊಹಿಸಬಾರದು, ಅತಿಥಿಯಿಂದಲೇ ಕೇಳಿ ಹೇಳಬೇಕು. ಪಕ್ಷದ ಸದಸ್ಯತ್ವ ಇದೆಯೇ, ಪಕ್ಷದಿಂದಾಗಲಿ ಸರ್ಕಾರದಿಂದಾಗಲಿ ಈಚೆಗೆ ಹಣ ಪಡೆದಿದ್ದಾರೆಯೇ, ಯಾವುದಾದರೂ ಅಭ್ಯರ್ಥಿಯ ಪ್ರಚಾರದ ಕೆಲಸ ಮಾಡಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕು. ಅದಕ್ಕಿಂತ ಆಳಕ್ಕೆ ಇಳಿದು ಮನಸ್ಸಿನ ಒಲವನ್ನು ಅಳೆಯಲು ಹೋದರೆ ಯಾರಿಗೂ ಒಳ್ಳೆಯದಾಗದು. ಇಲ್ಲಿ ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು. ನಮ್ಮ ಜಿಲ್ಲೆಗಳಲ್ಲಿ ಅತಿಥಿಯ ಹೆಸರು ತೆರೆಯ ಮೇಲೆ ಬಂದ ಕೂಡಲೇ ನೋಡುಗ ಮೊದಲು ಹುಡುಕುವುದು ಪಕ್ಷವನ್ನಲ್ಲ, ಜಾತಿಯನ್ನು. ಹೇಳಬೇಕಾದ ನಂಟನ್ನು ಹೇಳದೆ ಬಿಟ್ಟಷ್ಟೂ ಹೇಳಬಾರದ ಊಹೆಗೆ ಜಾಗ ಸಿಗುತ್ತದೆ, ಪಕ್ಷಪಾತದ ದೂರು ಜಾತಿಪಾತದ ದೂರಾಗಿ ತಿರುಗುತ್ತದೆ.

ಬಹಿಷ್ಕಾರ ಪರಿಹಾರವಲ್ಲ ಎಂಬುದನ್ನು ಕಂಡದ್ದಾಗಿದೆ. 2023ರ ಸೆಪ್ಟೆಂಬರಿನಲ್ಲಿ ವಿರೋಧ ಪಕ್ಷಗಳ ‘ಇಂಡಿಯಾ’ ಮೈತ್ರಿಕೂಟ 14 ನಿರೂಪಕರ ಪಟ್ಟಿ ಮಾಡಿ, ಅವರ ಕಾರ್ಯಕ್ರಮಗಳಿಗೆ ತನ್ನ ಪ್ರತಿನಿಧಿಗಳನ್ನು ಕಳುಹಿಸುವುದಿಲ್ಲ ಎಂದಿತು. ದೂರಿನಲ್ಲಿ ಹುರುಳಿತ್ತೋ ಇಲ್ಲವೋ, ಅಧಿಕೃತ ವಕ್ತಾರ ಬಾರದ ಕುರ್ಚಿ ಖಾಲಿ ಉಳಿಯುವುದಿಲ್ಲ. ಅಲ್ಲಿಗೆ ಆ ಪಕ್ಷದ ಹೆಸರಿನಲ್ಲಿ ಮಾತನಾಡುವ, ಆದರೆ ಪಕ್ಷಕ್ಕೆ ಉತ್ತರದಾಯಿಯಲ್ಲದ ಇನ್ನೊಬ್ಬ ‘ವಿಶ್ಲೇಷಕ’ ಬಂದು ಕೂರಲು ದಾರಿಯಾಗುತ್ತದೆ. ವಕ್ತಾರ ತಪ್ಪು ಹೇಳಿದರೆ ಪಕ್ಷ ಸ್ಪಷ್ಟನೆ ಕೊಡಬೇಕಾಗುತ್ತದೆ. ಇವನು ತಪ್ಪು ಹೇಳಿದರೆ ಅದು ಅವನ ವೈಯಕ್ತಿಕ ಅಭಿಪ್ರಾಯ. ಪಕ್ಷಗಳಿಗೂ ಈ ಅನುಕೂಲ ಗೊತ್ತಿಲ್ಲದೇ ಇಲ್ಲ.

ನೋಡುಗನ ಕೈಯಲ್ಲಿ ಇರುವುದೆಂದರೆ 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮಗಳ ದೂರು ವ್ಯವಸ್ಥೆ. ದೂರನ್ನು ಮೊದಲು ವಾಹಿನಿಗೇ ಕೊಡಬೇಕು. ವಾಹಿನಿ 24 ಗಂಟೆಯೊಳಗೆ ಸ್ವೀಕೃತಿ ನೀಡಿ 15 ದಿನದಲ್ಲಿ ಉತ್ತರಿಸಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ, ಅದು 60 ದಿನದಲ್ಲಿ ತೀರ್ಮಾನಿಸಬೇಕು, ಆಮೇಲೆ ಕೇಂದ್ರ ಸರ್ಕಾರದ ಮೇಲ್ವಿಚಾರಣಾ ವ್ಯವಸ್ಥೆ. ‘ನಿಮ್ಮ ವಾಹಿನಿ ಪಕ್ಷಪಾತಿ’ ಎಂಬ ದೂರು ಇಲ್ಲಿ ನಿಲ್ಲುವುದಿಲ್ಲ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಪಕ್ಷದ ಸಾಮಾಜಿಕ ಜಾಲತಾಣ ವಿಭಾಗದಲ್ಲಿ ಹುದ್ದೆ ಹೊಂದಿರುವವರನ್ನು ವಿಶ್ಲೇಷಕರೆಂದು ತೋರಿಸಿದಿರಿ ಎಂಬ ದೂರಿಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ. ಅತಿಥಿಯ ಸ್ವಂತ ಪುಟದಲ್ಲಿ ಆತನೇ ಹೆಮ್ಮೆಯಿಂದ ಹಾಕಿಕೊಂಡ ನೇಮಕಾತಿ ಪತ್ರದ ಚಿತ್ರ ಅನೇಕ ಸಲ ಸಿಕ್ಕಿಯೇ ಸಿಗುತ್ತದೆ.

ಆದರೆ ವಾಹಿನಿಗಳು ಈ ಸಲಹೆಯನ್ನು ಒಪ್ಪಿ ಸರಿಯಾದ ಸಾಲನ್ನು ಹಾಕಿದರೂ ಒಂದು ತೊಡಕು ಉಳಿಯುತ್ತದೆ. ಇಂದು ಸಂದರ್ಶನವನ್ನು ಪೂರ್ತಿ ನೋಡುವವರಿಗಿಂತ ಅದರ ಅರ್ಧ ನಿಮಿಷದ ರೀಲ್ಸನ್ನು ಮೊಬೈಲಿನಲ್ಲಿ ನೋಡುವವರೇ ಹೆಚ್ಚು. ಅಗಲವಾದ ಟಿವಿ ಚಿತ್ರವನ್ನು ಉದ್ದನೆಯ ಮೊಬೈಲ್ ತೆರೆಗೆ ಹೊಂದಿಸಲು ಎರಡೂ ಬದಿ ಕತ್ತರಿಸುವಾಗ, ಮುಖ ದೊಡ್ಡದಾಗಿ ಕಾಣಲೆಂದು ಹಿಗ್ಗಿಸುವಾಗ, ಮೊದಲು ಹೋಗುವುದು ಕೆಳಗಿನ ಆ ಸಾಲೇ. ಉಳಿಯುವುದು ಮುಖ, ಮಾತು ಮತ್ತು ಮೂಲೆಯಲ್ಲಿ ವಾಹಿನಿಯ ಲೋಗೊ. ಆದ್ದರಿಂದ ಬರೆದರೆ ಸಾಲದು, ನಿರೂಪಕರು ಬಾಯಲ್ಲಿ ಹೇಳಬೇಕು. ಅದೂ ಆರಂಭದಲ್ಲಿ ಒಮ್ಮೆ ಪರಿಚಯಿಸುವಾಗ ಮಾತ್ರವಲ್ಲ, ಪ್ರಶ್ನೆಯ ಒಳಗೇ ಸೇರಿಸಿ. ‘ನೀವು ಈ ಪಕ್ಷದ ಪ್ರಚಾರದ ಕೆಲಸ ಮಾಡಿದವರು, ಆ ಸರ್ಕಾರದ ಕಾಲದಲ್ಲಿಯೂ ಇದೇ ಎರಡನೆಯ ಹಂತದ ನೀರು ಹರಿಯಿತಲ್ಲ, ಆಗ ನೀವೇನು ಹೇಳಿದಿರಿ?’ ಎಂದು ಕೇಳಿದರೆ ನಂಟೂ ಎರಡನೆಯ ಪ್ರಶ್ನೆಯೂ ಒಂದೇ ಉಸಿರಿನಲ್ಲಿ ಬರುತ್ತವೆ. ಉತ್ತರವನ್ನು ಕತ್ತರಿಸಿ ಹಾಕಿಕೊಳ್ಳುವವರು ಪ್ರಶ್ನೆಯನ್ನು ಬಿಟ್ಟು ಹಾಕಿದರೆ ಉತ್ತರಕ್ಕೇ ಅರ್ಥವಿರುವುದಿಲ್ಲ.